ದುರ್ಗದ ಕಲ್ಲುದಾರಿ: ಎಲ್ಲಿ ಗಾಲಿ, ಎಲ್ಲಿ ಕಾಲು

ಕಡಲ ದಂಡೆಯ ಬಂಡೆಗಳ ಮೇಲೆ ನಡೆಯೋಕೆ, ಸೈಕಲ್ ತುಳಿಯೋಕೆ ಅಂತಲೇ ದಾರಿ ಮಾಡಿರುವ ಜಾಗಗಳ ಫೋಟೋಗಳನ್ನು ಗೆಳೆಯರು ಆಗಾಗ ಕಳಿಸುತ್ತಾರೆ. ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಕಡಿದಾದ ಕಲ್ಲು, ನಡುವೆ ಕಿರಿದಾದ ದಾರಿ. ಚೆನ್ನಾಗಿರುತ್ತವೆ, ಅನುಮಾನವಿಲ್ಲ. ಆದರೆ ಇಂಥ ಜಾಗ ಹುಡುಕಿಕೊಂಡು ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ದುರ್ಗಕ್ಕೆ, ಅಂದರೆ ಚಿತ್ರದುರ್ಗಕ್ಕೆ ಬನ್ನಿ ಅಂತಲೇ ನಾನು ಅವರಿಗೆ ಹೇಳುವುದು. ಬಂಡೆ ಬೇಕೇ, ಊರ ತುಂಬ ಇದೆ. ಗಾಳಿ ಬೇಕೇ, ಆಷಾಢದಲ್ಲಿ ಗುಡ್ಡದ ಮೇಲೆ ನಿಂತರೆ ತಳ್ಳಿಬಿಡುತ್ತದೆ. ಕೆರೆ, ಕಾಡು, ಬಂಡಿಜಾಡು ಎಲ್ಲವೂ ಸೈಕಲ್ ತುಳಿಯುವಷ್ಟು ದೂರದಲ್ಲೇ ಇವೆ. ಕಡಲೊಂದು ಇಲ್ಲ ಅನ್ನುತ್ತೀರಾ? ಒಂದು ಕಾಲಕ್ಕೆ ಅದೂ ಇತ್ತು. ಅದರ ಗುರುತು ಇಲ್ಲಿನ ಕಲ್ಲಿನಲ್ಲಿ ಇವತ್ತಿಗೂ ಉಳಿದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನನಗೆ ಸಿಗುವುದು ಭಾನುವಾರದ ಬೆಳಗು ಮಾತ್ರ. ಅಷ್ಟರಲ್ಲೇ ಹೋಗಿ ಬರಬೇಕು. ಕಾರಿನಲ್ಲಿ ಹೋದರೆ ಗುಡ್ಡ ಕಣ್ಣಿಗೆ ಬೀಳುತ್ತದೆ, ಮೈಗೆ ತಾಗುವುದಿಲ್ಲ. ಬರೀ ನಡೆದುಕೊಂಡು ಹೋದರೆ ಗುಡ್ಡದ ಬುಡ ಸೇರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಅದಕ್ಕೇ ನಾನು ಎರಡನ್ನೂ ಸೇರಿಸಿಕೊಂಡೆ. ಗಾಲಿ ಓಡುವಲ್ಲಿ ಗಾಲಿ, ಮುಂದೆ ಕಾಲು. ಎಲ್ಲಿ ಸೈಕಲ್ಲಿಂದ ಇಳಿಯಬೇಕು ಅನ್ನುವುದನ್ನು ನಾನು ತೀರ್ಮಾನ ಮಾಡುವುದಿಲ್ಲ, ನೆಲ ಮಾಡುತ್ತದೆ. ದುರ್ಗದ ಸುತ್ತ ನೆಲ ಒಂದೇ ಥರ ಇಲ್ಲ. ಕೋಟೆಯ ಕಲ್ಲು ಬೇರೆ, ಜೋಗಿಮಟ್ಟಿಯ ಕಲ್ಲು ಬೇರೆ, ಐಮಂಗಲದ ಕಡೆಯ ಕಲ್ಲು ಮತ್ತೊಂದು. ಕಾಲಿಗೆ ಹಿಡಿತ ಕೊಡುವ ಕಲ್ಲು ಗಾಲಿಗೆ ಆಗದೇ ಇರಬಹುದು. ಇದೊಂದು ತಿಳಿದರೆ ಅರ್ಧ ಕೆಲಸ ಆದಂತೆ.

ಹೊಸದಾಗಿ ಬರುವವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಚಂದ್ರವಳ್ಳಿಗೆ. ಊರಿಗೆ ಹತ್ತಿರ, ಏರು ಕಮ್ಮಿ. ಚಿತ್ರದುರ್ಗದ ಗುಡ್ಡ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಿನ ಕಣಿವೆ ಅದು. ಕಣಿವೆಯಲ್ಲಿ ಕೆರೆ, ಕೆರೆಯ ಸುತ್ತ ಬಂಡೆ. ಬೆಳಗಿನ ವಾಕಿಂಗಿಗೆ ಬರುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾಗಿ ಅಲ್ಲಿ ಸೈಕಲ್ಲನ್ನು ಜೋರಾಗಿ ಓಡಿಸುವ ಮಾತೇ ಇಲ್ಲ. ವಯಸ್ಸಾದವರು ಎದುರಾದರೆ ನಾನು ಇಳಿದೇ ಬಿಡುತ್ತೇನೆ. ಹಿಂದಿನಿಂದ ಬೆಲ್ ಹೊಡೆದರೆ ಗಾಬರಿಯಾಗಿ ಅವರು ಯಾವ ಕಡೆ ಸರಿಯುತ್ತಾರೋ ಗೊತ್ತಾಗುವುದಿಲ್ಲ. "ಯಜಮಾನ್ರೇ, ಸ್ವಲ್ಪ ದಾರಿ" ಅಂತ ಬಾಯಲ್ಲಿ ಹೇಳುವುದೇ ವಾಸಿ.

ಸೈಕಲ್ಲನ್ನು ಬೀಗ ಹಾಕಿ ನಿಲ್ಲಿಸಿ ಭೈರವೇಶ್ವರ ಗುಡಿಯ ಕಡೆ ನಡೆದರೆ ಅಲ್ಲೊಂದು ಬಂಡೆಯ ಮೇಲೆ ಶಾಸನ ಇದೆ. ಕದಂಬರ ಮಯೂರಶರ್ಮನದು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ನಾಲ್ಕನೇ ಶತಮಾನದ್ದು. ಅದರಲ್ಲಿ ಇರುವ ವಿಷಯ ಕೆರೆಯದು. ಎಂಥೆಂಥ ರಾಜರನ್ನು ಗೆದ್ದವನು ಅಂತ ಹೇಳುವ ಆ ಶಾಸನ ಅವನ ಕೆಲಸ ಅಂತ ಹೇಳುವುದು ಕೆರೆಯನ್ನೇ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಮಳೆ ಕೈಕೊಡುವ ಊರಲ್ಲಿ ಕೆರೆ ಕಟ್ಟಿದ್ದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ? ಇದೇ ಕಣಿವೆಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆಸಿ ನೋಡಿದರು. ಶಾತವಾಹನರ ನಾಣ್ಯದ ಜೊತೆ ರೋಮನ್ ನಾಣ್ಯವೂ ಇಲ್ಲಿ ಸಿಕ್ಕಿದೆ. ಕಡಲಾಚೆಯ ವ್ಯಾಪಾರದ ದುಡ್ಡು ಈ ಬಂಡೆಗಳ ನಡುವಿನ ಊರಿಗೂ ಬಂದಿತ್ತು. ಇಷ್ಟು ತಿಳಿದುಕೊಂಡು ಕೆರೆಯ ಸುತ್ತ ನಡೆದರೆ ನಡಿಗೆಯೇ ಬೇರೆ ಥರ ಆಗುತ್ತದೆ.

ಪಕ್ಕದ ಅಂಕಲಿ ಮಠದ ಗುಹೆಗಳಿಗೆ ಹೋಗುವುದಾದರೆ ಒಂದೇ ಮಾತು. ಮೊಬೈಲ್ ಟಾರ್ಚ್ ನಂಬಿ ಇಳಿಯಬೇಡಿ. ಒಳಗೆ ಕತ್ತಲೆ ಅಂದರೆ ಪೂರ್ತಿ ಕತ್ತಲೆ. ಮೆಟ್ಟಿಲು, ಕಿರಿದಾದ ಬಾಗಿಲು, ತಲೆಗೆ ಹೊಡೆಯುವ ಚಾವಣಿ. ದಾರಿ ತಿಳಿದವರನ್ನು ಜೊತೆಗೆ ಕರೆದುಕೊಂಡು, ಕೈಯಲ್ಲಿ ಒಳ್ಳೆಯ ಬ್ಯಾಟರಿ ಇಟ್ಟುಕೊಂಡೇ ಇಳಿಯಿರಿ.

ಇನ್ನು ಕೋಟೆ. ಅಲ್ಲಿ ಗಾಲಿಗೆ ಕೆಲಸವೇ ಇಲ್ಲ. ಸೈಕಲ್ ಬಾಗಿಲ ಬಳಿಯೇ ನಿಲ್ಲಬೇಕು, ಒಳಗೆಲ್ಲ ಕಾಲ್ನಡಿಗೆ. ಏಳು ಸುತ್ತಿನ ಕೋಟೆ ಅಂತ ಎಲ್ಲರೂ ಹೇಳುತ್ತಾರೆ, ಓಬವ್ವನ ಕಿಂಡಿಯವರೆಗೆ ಹೋಗಿ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ನಾನು ಬೇರೆ ಥರ ನೋಡುತ್ತೇನೆ, ನೀರಿನ ದಾರಿ ಹಿಡಿದು. ಗುಡ್ಡದ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ನೀರು ಎಲ್ಲೂ ಸುಮ್ನೆ ಹರಿದು ಹೋಗದ ಹಾಗೆ ಪಾಳೆಯಗಾರರ ಕಾಲದಲ್ಲಿ ಮಾಡಿದ ಏರ್ಪಾಡು. ಹೈದರಾಲಿ 1779ರಲ್ಲಿ ಕೋಟೆ ಗೆದ್ದ, ಮದಕರಿ ನಾಯಕರ ಆಳ್ವಿಕೆ ಮುಗಿಯಿತು. ಈ ಹೊಂಡಗಳ ಸಾಲು ಮಾತ್ರ ಈಗಲೂ ಮಳೆ ನೀರು ಹಿಡಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಹೊಂಡಗಳಲ್ಲಿ ನೀರಿರುವಾಗ, ಮೇಲಿನಿಂದ ಕೆಳಗೆ ಒಂದೊಂದೇ ಹೊಂಡ ನೋಡುತ್ತಾ ಇಳಿಯಿರಿ. ಕೋಟೆ ಕಟ್ಟಿದವರ ತಲೆ ಹೇಗೆ ಓಡಿತ್ತು ಅಂತ ಗೋಡೆ ನೋಡಿದರೆ ಅರ್ಧ ತಿಳಿಯುತ್ತದೆ, ಹೊಂಡ ನೋಡಿದರೆ ಪೂರ್ತಿ ತಿಳಿಯುತ್ತದೆ.

ಕೋಟೆಯ ಕಲ್ಲು ಗ್ರಾನೈಟ್. ಮೇಲ್ಮೈ ಒರಟು. ಒಣಗಿದ್ದಾಗ ಸಾದಾ ಕ್ಯಾನ್ವಾಸ್ ಶೂ ಕೂಡ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಆದರೆ ಈ ಬಂಡೆಗಳು ಬಿಸಿಲು ಚಳಿಗೆ ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿಯುತ್ತವೆ. ಸುಲಿದ ಪದರದ ಚೂರು ಬಂಡೆಯ ಮೇಲೆ ಸಡಿಲವಾಗಿ ಕೂತಿರುತ್ತದೆ. ನೋಡೋಕೆ ಬಂಡೆಯ ಭಾಗದ ಥರವೇ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಅದಕ್ಕೆ ನನ್ನ ಅಭ್ಯಾಸ ಹೀಗಿದೆ. ಇಳಿಜಾರಿನಲ್ಲಿ ಮುಂದಿನ ಹೆಜ್ಜೆ ಇಡುವ ಮುಂಚೆ ಶೂ ತುದಿಯಿಂದ ಒಮ್ಮೆ ತಟ್ಟುತ್ತೇನೆ. ಗಟ್ಟಿ ಬಂಡೆಯಾದರೆ ಸದ್ದೇ ಬರುವುದಿಲ್ಲ. ಸಡಿಲ ಪದರವಾದರೆ ಟೊಳ್ಳು ಸದ್ದು ಬರುತ್ತದೆ. ಮಳೆ ಬಂದ ಮಾರನೇ ದಿನ ಹಸಿರು ಪಾಚಿ ಕಟ್ಟಿರುವ ಕಡೆ ಹೋಗುವುದೇ ಇಲ್ಲ. ಹಿರಿಯರು ಬಂಡೆಯಲ್ಲಿ ಕೊರೆದ ಮೆಟ್ಟಿಲು ಎಲ್ಲಿದೆಯೋ ಅಲ್ಲೇ ಹೋಗುತ್ತೇನೆ. ಅವರು ಸುಮ್ನೆ ಅಲ್ಲಿ ಕೊರೆದಿಲ್ಲ, ಆ ಜಾಗದ ಇಳಿಜಾರು ಕಾಲಿಗೆ ಒಗ್ಗುತ್ತದೆ ಅಂತ ಕೊರೆದಿದ್ದಾರೆ.

ಕೋಟೆಯಲ್ಲಿ ಮಂಗಗಳಿವೆ. ಬಾಳೆಹಣ್ಣು, ಕುರುಕಲು ಕೈಯಲ್ಲಿ ಹಿಡಿಯಬೇಡಿ, ಬ್ಯಾಗಿನೊಳಗೆ ಇರಲಿ. ಎತ್ತರದ ಬಂಡೆಯ ಅಡಿಯಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ಹತ್ತಿರ ಕೂಗಾಡಬೇಡಿ, ಕಲ್ಲು ಎಸೆಯಬೇಡಿ, ಸೆಂಟು ಹಚ್ಚಿಕೊಂಡು ಹೋಗಬೇಡಿ. ಬಂಡೆಗುಡ್ಡದಲ್ಲಿ ನನಗೆ ಅತಿ ಹೆಚ್ಚು ಭಯ ಹೆಜ್ಜೇನಿನದೇ. ಓಡೋಕೆ ಜಾಗ ಇರುವುದಿಲ್ಲ.

ಈಗ ಜೋಗಿಮಟ್ಟಿಗೆ ಬರುತ್ತೇನೆ. ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ. ಊರಿನ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಇರುವ ಕಾಡುಗುಡ್ಡ. ಬುಡದಲ್ಲಿ ಆಡುಮಲ್ಲೇಶ್ವರ, ಅಲ್ಲಿ ಕಿರು ಮೃಗಾಲಯ. ಮನೆಯವರು ಮಕ್ಕಳು ಜೊತೆಗಿದ್ದರೆ ಅಲ್ಲಿಗೇ ಮುಗಿಸಬಹುದು. ಗುಡ್ಡದ ಮೇಲೆ ಬ್ರಿಟಿಷರ ಕಾಲದ ಬಂಗಲೆ. ಕಾಡಿನೊಳಗೆ ಹಿಮವತ್ಕೇದಾರ. ಅಲ್ಲಿ ಲಿಂಗದ ಮೇಲೆ ನೀರು ಬೀಳುತ್ತದೆ. 2015ರಲ್ಲಿ ಈ ಕಾಡನ್ನು ವನ್ಯಜೀವಿಧಾಮ ಅಂತ ಘೋಷಿಸಿದರು. ವಿಸ್ತಾರ ಸುಮಾರು 100 ಚದರ ಕಿಲೋಮೀಟರ್. ಚಿರತೆ, ಕರಡಿ, ನವಿಲು ಇವೆ. ಹಾಗಾಗಿ ಇಲ್ಲಿ ನಮ್ಮ ಇಷ್ಟ ನಡೆಯುವುದಿಲ್ಲ, ನಡೆಯಲೂಬಾರದು. ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿಕೊಂಡು, ಅವರು ಬಿಡುವ ಹೊತ್ತಿನಲ್ಲಿ, ಬಿಡುವ ದಾರಿಯಲ್ಲಿ ಮಾತ್ರ ಹೋಗಬೇಕು. ಸೈಕಲ್ಲಿಗೆ ಆ ದಿನ ಬಿಡುತ್ತಾರೋ ಇಲ್ಲವೋ ಅನ್ನುವುದನ್ನೂ ಅಲ್ಲೇ ಕೇಳಬೇಕು. ಬೇಡ ಅಂದರೆ ವಾದ ಮಾಡದೆ ತಿರುಗಿ ಬರಬೇಕು. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯ ಇದ್ದಾಗ ಅವರು ಜಾಸ್ತಿ ಬಿಗಿ ಮಾಡುತ್ತಾರೆ. ಅದು ಸರಿಯಾದದ್ದೇ. ಒಂದು ಬೀಡಿ ತುಂಡು ಸಾಕು, ಗುಡ್ಡವೇ ಉರಿದುಹೋಗುತ್ತದೆ.

ಊರಿಂದ ಗೇಟಿನವರೆಗೆ ಮೈ ಬಿಸಿ ಮಾಡಿಕೊಳ್ಳುವ ದಾರಿ. ಆಮೇಲೆ ಏರು ಶುರು. ಇಲ್ಲಿ ಕೋಟೆಯ ದುಂಡನೆಯ ಗ್ರಾನೈಟ್ ಬಂಡೆ ಕಾಣುವುದಿಲ್ಲ. ಕಲ್ಲು ಕಪ್ಪು ಹಸಿರು ಬಣ್ಣಕ್ಕೆ ತಿರುಗುತ್ತದೆ, ಚಪ್ಪಡಿಯಾಗಿ, ಚೂಪಾಗಿ ಒಡೆಯುತ್ತದೆ. ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಉದ್ದಕ್ಕೂ ಚಾಚಿರುವ ಚಿತ್ರದುರ್ಗ ಶಿಸ್ಟ್ ಪಟ್ಟಿ ಇದು. ಶಿಸ್ಟ್ ಅಂದರೆ ಪದರ ಪದರವಾಗಿ ಒಡೆಯುವ ಕಲ್ಲು. ಭೂವಿಜ್ಞಾನದವರಿಗೆ ದುರ್ಗದ ಹೆಸರು ಗೊತ್ತಿರುವುದು ಕೋಟೆಯಿಂದಲ್ಲ, ಈ ಪಟ್ಟಿಯಿಂದ. ಸೈಕಲ್ಲಿನವನಿಗೆ ಇದರ ಅರ್ಥ ಏನು ಅಂದರೆ, ದಾರಿಯ ಅಂಚಿನಲ್ಲಿ ಚೂಪು ಕಲ್ಲಿನ ಜಲ್ಲಿ ಬಿದ್ದಿರುತ್ತದೆ. ತಿರುವುಗಳಲ್ಲಿ ಮಳೆ ನೀರು ಅದನ್ನು ರಸ್ತೆಯ ಮಧ್ಯಕ್ಕೂ ತಂದು ಹಾಕಿರುತ್ತದೆ. ಹತ್ತುವಾಗ ಅದರಿಂದ ತೊಂದರೆ ಇಲ್ಲ. ಇಳಿಯುವಾಗ ಗಾಲಿ ಜಾರುವುದು ಅಲ್ಲೇ.

ಹತ್ತುವ ಕ್ರಮ ಹೇಳುತ್ತೇನೆ. ಗೇರ್ ಸೈಕಲ್ ಇದ್ದರೆ ಏರು ಬರುವ ಮೊದಲೇ ಹಗುರ ಗೇರಿಗೆ ಹಾಕಿಕೊಳ್ಳಬೇಕು. ಏರಿನ ಮಧ್ಯೆ, ಪೆಡಲ್ ಮೇಲೆ ಪೂರ್ತಿ ಭಾರ ಹಾಕಿರುವಾಗ ಬದಲಿಸಿದರೆ ಚೈನ್ ಕಳಚುತ್ತದೆ, ಇಲ್ಲವೇ ಕಟ್ ಆಗುತ್ತದೆ. ಸೀಟಿನ ಮೇಲೆ ಕೂತೇ ತುಳಿಯುವುದು ನನ್ನ ಪದ್ಧತಿ. ಎದ್ದು ನಿಂತು ತುಳಿದರೆ ಹಿಂದಿನ ಗಾಲಿಯ ಮೇಲಿನ ಭಾರ ಕಮ್ಮಿಯಾಗಿ ಜಲ್ಲಿಯಲ್ಲಿ ಸುಮ್ನೆ ತಿರುಗುತ್ತದೆ. ಮಾತಾಡುತ್ತಾ ತುಳಿಯೋಕೆ ಆಗುತ್ತಿದೆ ಅಂದರೆ ವೇಗ ಸರಿಯಾಗಿದೆ. ಮಾತು ನಿಂತು ಬರೀ ಉಸಿರು ಉಳಿದರೆ ಇಳಿದು ತಳ್ಳುವ ಸಮಯ ಬಂತು. ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ತಳ್ಳಿಕೊಂಡು ಹೋಗುವಾಗ ತುಳಿಯುವಾಗ ಕಾಣದ ಎಷ್ಟೋ ಕಾಣುತ್ತದೆ. ಹಳದಿ ಕತ್ತಿನ ಪಿಕಳಾರ ನನಗೆ ಕಂಡದ್ದು ಹಾಗೆಯೇ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡದ ಕುರುಚಲು ಬಿಟ್ಟರೆ ಬೇರೆಲ್ಲೂ ಆ ಹಕ್ಕಿ ಇಲ್ಲ. ತಲೆ, ಕೊರಳು ಹಳದಿ, ಮೈ ಬೂದು. ಪೊದೆಯಿಂದ ಪೊದೆಗೆ ಹಾರಿ ಕೂಡಲೇ ಮರೆಯಾಗುತ್ತದೆ. ಸೈಕಲ್ ಮೇಲೆ ಇದ್ದಿದ್ದರೆ ನೋಡುತ್ತಲೇ ಇರಲಿಲ್ಲ.

ಕರಡಿಯ ವಿಷಯ ಎಲ್ಲರೂ ಕೇಳುತ್ತಾರೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅದು ಜಾಸ್ತಿ ಓಡಾಡುತ್ತದೆ. ಅದಕ್ಕೇ ಪೂರ್ತಿ ಬೆಳಕಾದ ಮೇಲೆಯೇ ನಾವು ಗೇಟು ದಾಟುವುದು. ಒಬ್ಬರೇ ಹೋಗುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕುವುದಿಲ್ಲ. ಪೊದೆ ದಟ್ಟವಾಗಿರುವ ತಿರುವು ಬಂದಾಗ ಮಾತು ಸ್ವಲ್ಪ ಜೋರು ಮಾಡುತ್ತೇವೆ. ಮನುಷ್ಯರು ಬರುತ್ತಿರುವುದು ಮೊದಲೇ ತಿಳಿದರೆ ಅದೇ ಸರಿದು ಹೋಗುತ್ತದೆ. ಎದುರಾಬದುರಾ ಆದಾಗಲೇ ಅದು ಮೇಲೆ ಬೀಳುವುದು. ನಮ್ಮ ಜೊತೆ ಬರುವ ಹಿರಿಯರೊಬ್ಬರು ಹುಡುಗರಿಗೆ ಯಾವಾಗಲೂ ಹೇಳುತ್ತಾರೆ, "ಅದರ ಮನೆಗೆ ನಾವು ಹೋಗಿರೋದು ಕಣ್ರಪ್ಪ, ಕದ ತಟ್ಟಿ ಹೋಗ್ಬೇಕು."

ಮೇಲೆ ಹೋದರೆ ಸುತ್ತ ಗುಡ್ಡಗಳ ಸಾಲು, ಸಾಲಿನ ನೆತ್ತಿಯ ಮೇಲೆ ಗಾಳಿಯಂತ್ರಗಳು. ಇವು ನನಗೆ ದಾರಿ ಹೇಳುವ ಸಾಧನ ಕೂಡ. ಗಾಳಿಯಂತ್ರ ಯಾವಾಗಲೂ ಗಾಳಿ ಬರುವ ಕಡೆಗೆ ಮುಖ ತಿರುಗಿಸಿ ನಿಲ್ಲುತ್ತದೆ. ಮನೆಯಿಂದ ಹೊರಟು ದೂರದ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರೆ ಇವತ್ತಿನ ಗಾಳಿ ಎತ್ತ ಕಡೆಯದು ಅಂತ ಗೊತ್ತಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದ ಗಾಳಿ ಜೋರು. ಆ ತಿಂಗಳುಗಳಲ್ಲಿ ನನ್ನ ಲೆಕ್ಕ ಸುಲಭ. ಹೋಗುವಾಗ ಪಶ್ಚಿಮಕ್ಕೆ, ಎದುರು ಗಾಳಿಗೆ. ಮೈಯಲ್ಲಿ ಶಕ್ತಿ ಇರುವಾಗಲೇ ಅದನ್ನು ಮುಗಿಸಬೇಕು. ಬರುವಾಗ ಗಾಳಿಯೇ ಬೆನ್ನ ಹಿಂದೆ ತಳ್ಳಿಕೊಂಡು ಬರುತ್ತದೆ. ಹೊತ್ತು ಏರಿದಷ್ಟೂ ಗಾಳಿ ಏರುತ್ತದೆ, ಹಾಗಾಗಿ ಬೆಳಿಗ್ಗೆ ಎದುರು ಗಾಳಿ ಇದ್ದರೂ ತಡೆದುಕೊಳ್ಳಬಹುದು. ಗುಡ್ಡದ ಅಂಚಿನಲ್ಲಿ, ಎರಡು ಬಂಡೆಯ ಸಂದಿನಿಂದ ಹೊರಬರುವ ಜಾಗದಲ್ಲಿ ಮಾತ್ರ ಹ್ಯಾಂಡಲ್ ಬಿಗಿ ಹಿಡಿಯಿರಿ. ಸಂದು ದಾಟಿದ ಕೂಡಲೇ ಪಕ್ಕದಿಂದ ಹೊಡೆಯುವ ಗಾಳಿ ಸೈಕಲ್ಲನ್ನೇ ಸರಿಸಿಬಿಡುತ್ತದೆ.

ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಬರಬೇಡಿ. ರಿಮ್‌ಗೆ ಕಚ್ಚುವ ರಬ್ಬರ್ ಬ್ರೇಕ್ ಆದರೆ ರಿಮ್ ಕಾಯುತ್ತದೆ, ಬ್ರೇಕಿನ ಹಿಡಿತ ಕಮ್ಮಿಯಾಗುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ. ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಂಡು, ತಿರುವಿನೊಳಗೆ ಬ್ರೇಕ್ ಮುಟ್ಟದೆ ದಾಟುವುದು ಒಳ್ಳೆಯದು. ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಬೀಳುವುದು ಖಂಡಿತ. ಸೀಟಿನ ಹಿಂಬದಿಗೆ ಸರಿದು ಕೂರಬೇಕು, ಎರಡು ಪೆಡಲ್ ಸಮ ಇಟ್ಟುಕೊಳ್ಳಬೇಕು. ಹೆಲ್ಮೆಟ್ ಬಗ್ಗೆ ನಾನು ಯಾರ ಜೊತೆಗೂ ಚರ್ಚೆ ಮಾಡುವುದಿಲ್ಲ. ಇಲ್ಲದವರನ್ನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ, ಅಷ್ಟೇ.

ಪಂಚರ್ ವಿಷಯ ಬಿಡಿಸಿ ಹೇಳಲೇಬೇಕು. ನಮ್ಮ ಕಡೆ ಟ್ಯೂಬಿಗೆ ದೊಡ್ಡ ಶತ್ರು ಚೂಪು ಕಲ್ಲಲ್ಲ, ನೆಗ್ಗಿಲು ಮುಳ್ಳು. ಹೊಲದ ಬದುವಿನಲ್ಲಿ, ರಸ್ತೆಯಂಚಿನ ಮಣ್ಣಿನಲ್ಲಿ ನೆಲಕ್ಕಂಟಿ ಹಬ್ಬಿರುತ್ತದೆ. ಹಳದಿ ಹೂವು, ಚಿಕ್ಕ ಎಲೆ. ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿಯೇ ಇರುತ್ತದೆ. ಅದರ ಜೊತೆಗೆ ಜಾಲಿ ಮುಳ್ಳು. ಕಡಿದು ಹಾಕಿದ ಜಾಲಿ ಬೇಲಿಯ ಪಕ್ಕ ಹೋದರೆ ಮುಗಿಯಿತು. ಅದಕ್ಕೆ ಮಣ್ಣಿನ ದಾರಿಯಲ್ಲಿ ನಾನು ಅಂಚು ಬಿಟ್ಟು ಬಂಡಿಯ ಗಾಲಿ, ಟ್ರ್ಯಾಕ್ಟರ್ ಗಾಲಿ ಹೋದ ಜಾಡಿನಲ್ಲೇ ಹೋಗುತ್ತೇನೆ. ಅಲ್ಲಿನ ಮುಳ್ಳು ಆಗಲೇ ಮುರಿದು ನೆಲ ಸೇರಿರುತ್ತದೆ. ಬ್ಯಾಗಿನಲ್ಲಿ ಒಂದು ಹೊಸ ಟ್ಯೂಬ್, ಪ್ಯಾಚ್, ಸೊಲ್ಯೂಷನ್, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಪುಟ್ಟ ಪಂಪ್ ಇರುತ್ತದೆ. ಪಂಚರ್ ಆದರೆ ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಒರೆಸಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಬಟ್ಟೆಗೆ ಸಿಕ್ಕುತ್ತದೆ. ಬೆರಳಿನಿಂದ ಹುಡುಕಿದರೆ ಬೆರಳಿಗೆ ಚುಚ್ಚುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಅದೂ ಹೋಗುತ್ತದೆ. ನಮ್ಮ ಸೈಕಲ್ ಶಾಪಿನ ಅಣ್ಣ ಹೇಳಿಕೊಟ್ಟ ಪಾಠ ಇದು. ನನ್ನ ಅಗಲ ಟೈರಿಗೆ ಡಾಂಬರಿನಲ್ಲಿ 45 ಪಿಎಸ್‌ಐ ಆಸುಪಾಸು ಗಾಳಿ ಇಡುತ್ತೇನೆ, ಕಲ್ಲುದಾರಿ ಜಾಸ್ತಿ ಇದ್ದರೆ 35ಕ್ಕೆ ಇಳಿಸುತ್ತೇನೆ. ತೆಳು ಟೈರಿನವರು ಈ ಲೆಕ್ಕ ಹಿಡಿಯಬೇಡಿ, ಟೈರಿನ ಮಗ್ಗುಲಲ್ಲಿ ಬರೆದಿರುವುದನ್ನು ನೋಡಿಕೊಳ್ಳಿ.

ತಿಂಡಿ ಬಗ್ಗೆ ಹೆಚ್ಚೇನಿಲ್ಲ. ಶೇಂಗಾ ಉಂಡೆ, ಬಾಳೆಹಣ್ಣು, ಎರಡು ಬಾಟಲ್ ನೀರು, ಒಂದರಲ್ಲಿ ಉಪ್ಪು ನಿಂಬೆಹಣ್ಣು ಹಿಂಡಿದ್ದು. ಶೇಂಗಾ ನಮ್ಮ ಜಿಲ್ಲೆಯದೇ ಬೆಳೆ, ಇದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ವಾಪಸ್ ಬಂದ ಮೇಲೆ ಮಂಡಕ್ಕಿ ಮೆಣಸಿನಕಾಯಿ ಇದ್ದೇ ಇದೆ. ಸಿಪ್ಪೆ, ಕವರ್ ಎಲ್ಲ ಬ್ಯಾಗಿನಲ್ಲೇ ವಾಪಸ್ ಬರಬೇಕು.

ಮೊದಲು ಹೇಳಿದ ಕಡಲಿನ ವಿಷಯಕ್ಕೆ ಬರುತ್ತೇನೆ. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿ ಅಂತ ಒಂದು ಊರು. ದುರ್ಗದಿಂದ ಆಗ್ನೇಯಕ್ಕೆ, ಐಮಂಗಲದ ಕಡೆ. ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಓಡಾಡುವವರು ದಿನಕ್ಕೆ ಸಾವಿರಾರು ಜನ. ಅವರಲ್ಲಿ ಇಲ್ಲಿಗೆ ತಿರುಗುವವರು ಬಹಳ ಕಮ್ಮಿ. ಸೈಕಲ್ಲಿಗೆ ಹೆದ್ದಾರಿಯ ಮುಖ್ಯ ದಾರಿ ಬೇಡ. ಸರ್ವಿಸ್ ರಸ್ತೆ ಇರುವಷ್ಟು ದೂರ ಅದರಲ್ಲಿ, ಉಳಿದದ್ದು ಹಳ್ಳಿಗಳ ಒಳದಾರಿಯಲ್ಲಿ ಹೋಗುತ್ತೇನೆ. ಸುತ್ತು ಆದರೂ ಪರವಾಗಿಲ್ಲ. ಈರುಳ್ಳಿ, ಮೆಕ್ಕೆಜೋಳ, ಶೇಂಗಾ ಹೊಲಗಳ ನಡುವಿನ ದಾರಿ. ಏರಿಳಿತ ಇದೆ, ನೆರಳು ಕಮ್ಮಿ.

ಅಲ್ಲಿರುವುದು ದಿಂಬು ಲಾವಾ, ದಿಂಬುಗಳನ್ನು ಪೇರಿಸಿಟ್ಟ ಹಾಗೆ ಕಾಣುವ ಲಾವಾ ಕಲ್ಲು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿತು. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಿಂದ ಉಕ್ಕಿದ ಲಾವಾ ಬಯಲಿನ ಮೇಲೆ ಹರಿದರೆ ಹಾಸಿಕೊಂಡು ಗಟ್ಟಿಯಾಗುತ್ತದೆ. ನೀರಿನಡಿ ಉಕ್ಕಿದರೆ ಹಾಗಾಗುವುದಿಲ್ಲ. ತಣ್ಣೀರು ತಾಗಿದ ಕೂಡಲೇ ಹೊರಮೈ ಗಟ್ಟಿಯಾಗಿ ಚೀಲ ಕಟ್ಟುತ್ತದೆ, ಒಳಗೆ ಇನ್ನೂ ಕುದಿಯುತ್ತಿರುತ್ತದೆ. ಹಿಂದಿನಿಂದ ಒತ್ತುವ ಲಾವಾ ಆ ಚೀಲವನ್ನು ಉಬ್ಬಿಸಿ, ಒಡೆದು, ಮುಂದೆ ಇನ್ನೊಂದು ಚೀಲ ಮಾಡುತ್ತದೆ. ಹೀಗೆ ಒಂದರ ಮೇಲೊಂದು ಪೇರಿಸಿಕೊಳ್ಳುತ್ತಾ ಹೋಗುತ್ತದೆ. ಅಂದರೆ ಈ ಕಲ್ಲು ಹುಟ್ಟಿದಾಗ ಇಲ್ಲಿ ಕಡಲಿತ್ತು. ಈಗ ಕುರಿ ಮೇಯುವ ಜಾಗ ಆಗ ಕಡಲ ತಳ.

ಹತ್ತಿರ ಕೂತು ನೋಡಬೇಕು ಅದನ್ನು. ನಿಂತು ನೋಡಿದರೆ ಬರೀ ಕಪ್ಪು ಗುಂಡುಗಳ ರಾಶಿ. ಮಂಡಿಯೂರಿ ಕೂತರೆ ಒಂದೊಂದು ಉಬ್ಬಿಗೂ ಬೇರೆ ಬೇರೆ ಅಂಚು ಇರುವುದು ಕಾಣುತ್ತದೆ. ಅಂಚಿನ ಪಟ್ಟಿ ನುಣುಪು, ಒಳಗಿನ ಭಾಗ ಅದಕ್ಕಿಂತ ಒರಟು. ಬೇಗ ತಣ್ಣಗಾದದ್ದು ಅಂಚು, ನಿಧಾನವಾಗಿ ಆರಿದ್ದು ನಡು. ಒಂದು ಉಬ್ಬಿನ ಮೇಲುಭಾಗ ದುಂಡಗಿರುತ್ತದೆ, ಕೆಳಭಾಗ ಕೆಳಗಿನ ಎರಡು ಉಬ್ಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಇನ್ನೂ ಮೆತ್ತಗಿರುವಾಗಲೇ ಸಂದಿಗೆ ಇಳಿದು ಕೂತಿದ್ದಕ್ಕೆ ಹಾಗೆ. ಆ ಚೂಪು ಎತ್ತ ಇದೆ ಅಂತ ನೋಡಿ, ಆ ಕಾಲದಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಇತ್ತು ಅಂತ ಭೂವಿಜ್ಞಾನದವರು ಹೇಳಿಬಿಡುತ್ತಾರೆ. ಆಮೇಲೆ ಭೂಮಿ ಮಗುಚಿ, ಮಡಿಚಿ, ಎತ್ತಿಹಾಕಿದ್ದರೂ ಆ ಗುರುತು ಅಳಿಯುವುದಿಲ್ಲ. ನಾನು ಅಲ್ಲಿ ಕೂತು ಕೈಯಿಂದ ಸವರಿ ನೋಡಿದೆ. ಬೆಳಗಿನ ಹೊತ್ತು ಕಲ್ಲು ತಣ್ಣಗಿತ್ತು. ಅಂಚಿನ ಗೆರೆ ಬೆರಳಿಗೆ ಸಿಗುತ್ತದೆ. ಅಷ್ಟು ಹಳೆಯ ಕಡಲನ್ನು ಮುಟ್ಟೋಕೆ ಟಿಕೆಟ್ ಇಲ್ಲ, ಕ್ಯೂ ಇಲ್ಲ, ನಮ್ಮ ಜಿಲ್ಲೆಯಲ್ಲೇ ಇದೆ. ಇದನ್ನು ಹೇಳುವಾಗ ನನಗೆ ಹೆಮ್ಮೆಯೂ ಆಗುತ್ತದೆ, ಜನಕ್ಕೆ ಗೊತ್ತಿಲ್ಲವಲ್ಲ ಅಂತ ಸಂಕಟವೂ ಆಗುತ್ತದೆ.

ಕುರಿ ಕಾಯುತ್ತಿದ್ದ ಅಜ್ಜರೊಬ್ಬರು ನಮ್ಮನ್ನು ನೋಡಿ ಹತ್ತಿರ ಬಂದರು. "ಎಲ್ಲಿಂದ ಬಂದ್ರಪ್ಪ?" ಅಂದರು. ದುರ್ಗದಿಂದ ಅಂದೆ. "ಸೈಕಲ್ ಮೇಲೆ? ಈ ಕಲ್ಲು ನೋಡಕ್ಕೆ?" ಅಂದರು. ನಮ್ಮ ಗುಂಪಿನ ಹುಡುಗ ಇಲ್ಲಿ ಸಮುದ್ರ ಇತ್ತಂತೆ ಅಜ್ಜ ಅಂದ. ಅವರು ಸ್ವಲ್ಪ ಹೊತ್ತು ಕಲ್ಲಿನ ಕಡೆ, ಆಮೇಲೆ ಆಕಾಶದ ಕಡೆ ನೋಡಿ, "ಈಗ ಕುಡಿಯಾಕೆ ನೀರು ಸಿಕ್ಕರೆ ಸಾಕಾಗೈತೆ" ಅಂದರು. ಬಾಟಲಿಯಲ್ಲಿದ್ದ ನಿಂಬೆ ನೀರು ಕೊಟ್ಟೆವು. ಕುಡಿದು, ಹಳ್ಳಿಯೊಳಗಿಂದ ಹೋದರೆ ನೆರಳು ಸಿಗುತ್ತದೆ ಅಂತ ವಾಪಸ್ ದಾರಿ ತೋರಿಸಿದರು. ಅವರು ಹೇಳಿದ ದಾರಿಯೇ ಚೆನ್ನಾಗಿತ್ತು. ಬೇವಿನ ಮರಗಳ ಸಾಲಿತ್ತು.

ಅಲ್ಲಿಗೆ ಹೋಗುವವರಲ್ಲಿ ಒಂದು ಬೇಡಿಕೆ. ನೆನಪಿಗೆ ಅಂತ ಚೂರು ಒಡೆದು ತರಬೇಡಿ. ಹೆಸರು ಕೆತ್ತಬೇಡಿ. ಅದರ ಮೇಲೆ ಸೈಕಲ್ ಹತ್ತಿಸಿ ವಿಡಿಯೋ ಮಾಡಬೇಡಿ. ದೂರದಲ್ಲೇ ಸೈಕಲ್ ನಿಲ್ಲಿಸಿ ನಡೆದು ಹೋಗಿ. ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಬರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಪಾಠದ ಪುಸ್ತಕದಲ್ಲಿ ಅಗ್ನಿಶಿಲೆ ಅಂತ ಒಂದು ಸಾಲು ಓದುವ ಬದಲು, ದುರ್ಗದ ಮಕ್ಕಳು ಅರ್ಧ ದಿನದಲ್ಲಿ ಹೋಗಿ ಮುಟ್ಟಿ ಬರಬಹುದು.

ಅಗಲವಾದ ನೀರನ್ನೇ ನೋಡಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ, ಮಾರಿಕಣಿವೆ. ವಾಣಿವಿಲಾಸ ಸಾಗರ. ದುರ್ಗದಿಂದ ಹಿರಿಯೂರು ನಲವತ್ತು ಕಿಲೋಮೀಟರ್ ಆಸುಪಾಸು, ಅಲ್ಲಿಂದ ಮುಂದೆ ಇನ್ನೂ ಹದಿನೆಂಟು ಇಪ್ಪತ್ತು. ಅಭ್ಯಾಸ ಇಲ್ಲದವರು ಸೈಕಲ್ಲನ್ನು ಗಾಡಿಯಲ್ಲಿ ಹಿರಿಯೂರಿನವರೆಗೆ ಒಯ್ದು ಅಲ್ಲಿಂದ ತುಳಿಯಲಿ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ಸಂದಿಗೆ ಕಟ್ಟಿದ ಅಣೆಕಟ್ಟೆ, 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳೋಕೆ 2022 ಬರಬೇಕಾಯಿತು. ಆ ವರ್ಷ ಜಿಲ್ಲೆಗೆ ಜಿಲ್ಲೆಯೇ ನೋಡೋಕೆ ಹೋಗಿತ್ತು. ವಯಸ್ಸಾದವರು ಕೋಡಿಯ ನೀರಿಗೆ ಕೈಮುಗಿದು ಅತ್ತದ್ದನ್ನು ನಾನು ಕಂಡಿದ್ದೇನೆ. ಬರ ನೋಡಿದವರಿಗೆ ಅದು ಅರ್ಥವಾಗುತ್ತದೆ. ಹಿನ್ನೀರಿನ ಕಡೆ ಕಲ್ಲು ದಿಬ್ಬಗಳು ನೀರಿಗೇ ಇಳಿಯುತ್ತವೆ, ಗಾಳಿಗೆ ಅಲೆ ಬಂದು ಬಡಿಯುತ್ತದೆ. ನೀರಿಗೆ ಇಳಿಯುವ ಆಸೆ ಬೇಡ. ದಂಡೆಯ ಕಲ್ಲು ಜಾರುತ್ತದೆ, ಆಳ ತಿಳಿಯುವುದಿಲ್ಲ.

ಯಾವಾಗ ಹೋಗಬೇಕು ಅಂತ ಕೇಳಿದರೆ, ಅಕ್ಟೋಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಹೊಂಡಗಳಲ್ಲಿ ನೀರಿರುತ್ತದೆ, ಗುಡ್ಡ ಹಸಿರಿರುತ್ತದೆ, ಗಾಳಿ ತಗ್ಗಿರುತ್ತದೆ. ಸೀತಾಫಲದ ಕಾಲವೂ ಆಗಲೇ. ಮಾರ್ಚ್ ಬಂದ ಮೇಲೆ ಚಂದ್ರವಳ್ಳಿ, ಕೋಟೆ ಎರಡೇ ಸಾಕು, ಅದೂ ಒಂಬತ್ತು ಗಂಟೆಯೊಳಗೆ ಮುಗಿಸಿ. ಮೊದಲ ಸಲ ಬರುವವರು ಒಂದೇ ದಿನ ಎಲ್ಲ ನೋಡೋಕೆ ಹೋಗಬೇಡಿ. ಒಂದು ಬೆಳಗು ಚಂದ್ರವಳ್ಳಿ, ಇನ್ನೊಂದು ಬೆಳಗು ಕೋಟೆ, ಕಾಲು ಪಳಗಿದ ಮೇಲೆ ಜೋಗಿಮಟ್ಟಿ. ಮರಡಿಹಳ್ಳಿಗೆ ಹೋಗುವ ದಿನ ಟ್ಯೂಬ್ ಒಂದರ ಬದಲು ಎರಡು ಇಟ್ಟುಕೊಳ್ಳಿ, ನೀರು ಜಾಸ್ತಿ ಒಯ್ಯಿರಿ.